ಸರ್ವೀಸಿಗೆ ಕರೆದ ದನಿ

ಮೆಕ್ಯಾನಿಕ್ ಆಂಜನೇಯನ ಶೆಡ್ಡು ಬಂದಾಗ ಮುರುಗೇಶಪ್ಪ ಮುಖ ಬೇರೆ ಕಡೆ ತಿರುಗಿಸಿಕೊಂಡ. ಆದರೆ ನ್ಯಾಮತಿಯ ರಸ್ತೆಯುಬ್ಬು ಬಿಡಬೇಕಲ್ಲ. ಕ್ಲಚ್ ಜಾರುತ್ತಿದ್ದ ಕಾರು ಉಬ್ಬು ಹತ್ತಲಾರದೆ ಬರಿದೇ ಅರಚಿ ಸರಿಯಾಗಿ ಶೆಡ್ಡಿನ ಮುಂದೆಯೇ ನಿಂತಿತು.

ಆಂಜನೇಯ ಕೈಯೊರೆಸುತ್ತ ಬಂದು ಕಿಟಕಿಗೆ ಬಾಗಿದ. "ಮುರುಗೇಶಣ್ಣ, ಸುಟ್ಟ ವಾಸ್ನೆ ಇಲ್ಲಿಗಂಟ ಬರ್ತೈತಲ್ರೀ. ಎಲ್ಲಿಗೆ ಹೊಂಟ್ರಿ ಇದ್ನ ತಗಂಡು?"

"ಶಿವಮೊಗ್ಗಕ್ಕೆ. ಶೋರೂಮಿಗೆ."

ಆಂಜನೇಯ ಕೈಯೊರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ಅಲ್ಲಿ ಬಾಗ್ಲು ತೆಗ್ದು ಸರ್ ಅಂತಾರೆ. ನಂಗೆ ಅದೊಂದು ಬರಲ್ಲ ನೋಡ್ರಿ" ಎಂದು ನಕ್ಕ. ಆ ನಗು ಕಣ್ಣಿನವರೆಗೆ ಹೋಗಲಿಲ್ಲ. ಆಮೇಲೆ ತಾನೇ ಹಿಂದಿನಿಂದ ತಳ್ಳಿ ಉಬ್ಬು ದಾಟಿಸಿಕೊಟ್ಟ.

ಅವನ ಕೆಲಸದಲ್ಲಿ ಐಬಿರಲಿಲ್ಲ. ಕಾರು ಕೊಂಡಾಗಿನಿಂದ ಅದಕ್ಕೆ ಬಿದ್ದದ್ದು ಅವನೊಬ್ಬನದೇ ಕೈ. ಆದರೆ ಬಾನೆಟ್ಟಿನೊಳಗೆ ತಲೆ ಹಾಕಿದನೆಂದರೆ ಮಾತೆಲ್ಲ ಎಂಜಿನ್ನಿನ ಜೊತೆಗೇ. ಹೊರಗೆ ನಿಂತವನು ಉಂಡನೋ ಬಿಟ್ಟನೋ ಕೇಳುವ ಪೈಕಿಯವನಲ್ಲ. ಹೆಂಡತಿ ಶಿವನ ಪಾದ ಸೇರಿದ ಮೇಲೆ ಗೋವಿನಕೋವಿಯ ಮನೆಯಲ್ಲಿ ಮುರುಗೇಶಪ್ಪನೂ ಅವನ ಇಷ್ಟಲಿಂಗವೂ, ಇಬ್ಬರೇ. ಪೂಜೆ ಮುಗಿದರೆ ಆ ದಿನದ ಮಾತೂ ಮುಗಿಯಿತು. ಅಂಥ ಮನೆಗೆ ಶೋರೂಮಿನ ಹೆಸರಲ್ಲಿ ಚೈತ್ರಶ್ರೀ ಅನ್ನುವ ಹುಡುಗಿಯ ಫೋನು ಬರತೊಡಗಿತ್ತು. ಸರ್ವೀಸು ನೆನಪಿಸುವುದು ಅವಳ ಕೆಲಸ. ಆದರೆ ಮೊದಲು ಚೆನ್ನಾಗಿದೀರಾ ಸರ್ ಎಂದೇ ಕೇಳುವಳು. ಒಮ್ಮೆ ಇವನು ಕೆಮ್ಮಿದ್ದಕ್ಕೆ ಹುಷಾರು ಅಂದಿದ್ದಳು. ಪಂಚಮಿಗೆ ತವರಿಗೆ ಹೋಗ್ತೀಯೇನವ್ವ ಎಂದು ಇವನು ಕೇಳಿದಾಗ, ರಜೆ ಇಲ್ಲ ಸರ್ ಎಂದಿದ್ದಳು.

ಅಷ್ಟು ಸಾಕಾಗಿತ್ತು. ಪಂಚಮಿಗೆ ತವರಿನ ಉಂಡೆ ಕಾಣದ ಹೆಣ್ಣುಮಗಳುಂಟೇ? ಬೆಲ್ಲದ ಪಾಕ ಸೀಯಿಸಿ ಚೆಲ್ಲಿ, ಮತ್ತೆ ಕಾಯಿಸಿ, ತಾನೇ ಕಟ್ಟಿದ ಶೇಂಗಾ ಉಂಡೆಗಳೂ ಒಂದು ಹಸಿರು ಕುಪ್ಪಸದ ಕಣವೂ ಒಂದೇ ಗಂಟಿನಲ್ಲಿ ಪಕ್ಕದ ಸೀಟಿನ ಮೇಲಿದ್ದವು. ಇದನ್ನು ಆಂಜನೇಯನಿಗೆ ಹೇಗೆ ಹೇಳುವುದು?

ಶೋರೂಮಿನಲ್ಲಿ ಬಾಗಿಲು ತೆಗೆದರು, ಸರ್ ಎಂದರು, ಕಾರನ್ನು ಗಾಜಿನ ಆಚೆಗೆ ಒಯ್ದರು. ಚೈತ್ರಶ್ರೀ ಎಲ್ಲಿ ಕೂರುತ್ತಾಳೆ ಎಂದು ಮುರುಗೇಶಪ್ಪ ವಿಚಾರಿಸಿದಾಗ ಕೌಂಟರಿನ ರಘುನಾಥ ಕಂಪ್ಯೂಟರಿನಿಂದ ಕಣ್ಣೆತ್ತಿದ. "ಫೋನ್ ಮಾಡೋರು ಇಲ್ಲಿರಲ್ಲ ಸರ್. ಅವರದು ಬೇರೆ ಕಂಪನಿ, ಎಲ್ಲಿದಾರೋ ನಮಗೂ ಗೊತ್ತಿಲ್ಲ. ಏನಾದ್ರೂ ಕಂಪ್ಲೇಂಟಾ?"

"ಏನಿಲ್ಲ ಬಿಡಪ್ಪ" ಎಂದು ಮುರುಗೇಶಪ್ಪ ಹೋಗಿ ಸೋಫಾದಲ್ಲಿ ಕೂತ. ಕಾರು ಸಿದ್ಧವಾಗುವವರೆಗೂ ಗಂಟು ತೊಡೆಯ ಮೇಲೇ ಇತ್ತು.

ಸಂಜೆ ವಾಪಸು ಬರುವಾಗ ಕ್ಲಚ್ಚು ಬೆಣ್ಣೆಯಂತಿತ್ತು. ಸವಳಂಗ ದಾಟುತ್ತಲೇ ಫೋನು ಬಂತು. ಕಾರನ್ನು ಹುಣಸೆಮರದ ಅಡಿಗೆ ಸರಿಸಿ ಎತ್ತಿಕೊಂಡ. ಅವಳದೇ ದನಿ. ಸರ್ವೀಸು ಹೇಗಿತ್ತು, ಸಿಬ್ಬಂದಿ ಹೇಗೆ ನಡೆದುಕೊಂಡರು, ಕಾರು ತೊಳೆದದ್ದು ಸರಿಯಿತ್ತೇ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಒಂದೊಂದೇ ಕೇಳುತ್ತ ಹೋದಳು. ಇವನು ಎಲ್ಲಕ್ಕೂ ಹತ್ತೇ ಎಂದ. ಕೊನೆಗೆ, ನೀನು ಯಾವ ಊರಲ್ಲಿದೀಯವ್ವ ಎಂದು ಕೇಳಿದ.

"ಅದು ಹೇಳೋ ಹಂಗಿಲ್ಲ ಸರ್" ಎಂದಳು ಮೆಲ್ಲಗೆ. "ನನ್ನ ಪ್ರಶ್ನೆ ಎಲ್ಲ ಮುಗೀತು. ಇಡ್ಲಾ?"

"ಸರಿಯಾಗಿ ಕೇಳಿಸ್ಲಿಲ್ಲವ್ವ" ಎಂದ ಮುರುಗೇಶಪ್ಪ. "ಮೊದ್ಲಿಂದ ಇನ್ನೊಂದ್ಸಲ ಕೇಳು."