ಗಂಟೆಯ ಹಗ್ಗ

"ಅಣ್ಣಾರ, ಇವನ್ನೊಂಚೂರು ಹಿಡಕೋರಿ!" ಅನ್ನುತ್ತ ತಾಯವ್ವ ಬಸ್ಸಿನ ಕಿಟಕಿಯಿಂದ ತನ್ನ ಎರಡು ಮಕ್ಕಳನ್ನು ಒಂದರ ಹಿಂದೊಂದು ಒಳಗೆ ಕೂತಿದ್ದ ಸೋಮಪ್ಪನ ತೊಡೆಯ ಮೇಲೆ ಇಳಿಸಿಯೇಬಿಟ್ಟಳು. ಸವದತ್ತಿ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವ ಪದ್ಧತಿಯೇ ಅದು. ಟವೆಲ್ ಹಾಕಿದರೆ ಎತ್ತಿ ಒಗೆಯುತ್ತಾರೆ, ಕೂಸನ್ನು ಯಾರು ಒಗೆಯುತ್ತಾರೆ? "ನೀರ ತುಂಬಿಸ್ಕೊಂಡ ಬರತೇನಿ" ಎಂದು ಅವಳು ತಂಬಿಗೆ ಹಿಡಿದು ನಡೆದಳು.

ಬೈಲಹೊಂಗಲದವರೆಗೆ ಒಂದು ನಿದ್ದೆ ತೆಗೆಯಬೇಕೆಂದಿದ್ದ ಬೆಲ್ಲದ ವ್ಯಾಪಾರಿ ಸೋಮಪ್ಪನ ಕರ್ಮ! ಹುಡುಗ ಬೀರ್ಯಾ ಅವನ ಧೋತರದ ಮೇಲೆ ನಿಂತು ಕುಣಿದ. ತಂಗಿ ಸೀತಿ ಅವನ ಪಟಗ ಕಿತ್ತು ತನ್ನ ತಲೆಗಿಟ್ಟುಕೊಂಡು ಕೇಕೆ ಹಾಕಿದಳು.

"ಸುಮ್ಮ ಕುಂದರ್ರಿ. ಪೊಲೀಸಗ ಹಿಡದು ಕೊಡತೇನಿ ನೋಡ್ರಿ!"

"ನಮ್ಮಪ್ಪನ ಪೊಲೀಸ ಅದಾನ" ಎಂದ ಬೀರ್ಯಾ.

ಇನ್ನೇನು ಉಳಿಯಿತು? ಸೋಮಪ್ಪ ತಲೆಯ ಮೇಲಿದ್ದ ಗಂಟೆಯ ಹಗ್ಗ ತೋರಿಸಿದ. "ಸೀತವ್ವಾ, ಸೀಟಿನ ಮ್ಯಾಲ ನಿಂತು ಇದನ್ನ ಗಟ್ಟಿ ಹಿಡಕೋ. ಬಿಟ್ಟಿ ಅಂದ್ರ ಬಸ್ಸ ಓಡಿ ಹೋಗತೈತಿ."

ಟಣ್, ಟಣ್!

ಒಂದು ಗಂಟೆ ಬಿದ್ದರೆ ನಿಲ್ಲಿಸು, ಎರಡು ಬಿದ್ದರೆ ಹೊರಡು. ಡ್ರೈವರ್ ದುರ್ಗಪ್ಪನಿಗೆ ಗೊತ್ತಿದ್ದ ಶಾಸ್ತ್ರ ಇಷ್ಟೇ. ಹಿಂದೆ ತಿರುಗಿ ನೋಡುವ ಚಾಳಿ ಅವನಿಗಿರಲಿಲ್ಲ. ಚಹಾ ಕುಡಿಯುತ್ತಿದ್ದ ಕಂಡಕ್ಟರನನ್ನೂ ನಲ್ಲಿಯ ಹತ್ತಿರವಿದ್ದ ತಾಯವ್ವನನ್ನೂ ಬಿಟ್ಟು ಬಸ್ಸು ಹೊರಟೇಬಿಟ್ಟಿತು.

"ಅಯ್ಯಯ್ಯ, ನಿಂದರಸ್ರೀ! ಇವರವ್ವ ಉಳದಾಳ!" ಸೋಮಪ್ಪ ಎದ್ದು ಹಗ್ಗಕ್ಕೆ ಜೋತುಬಿದ್ದ. ಒಂದೇ ಸಲ ಜಗ್ಗಿ ಬಿಡಬೇಕಿತ್ತು. ಗಾಬರಿಯಲ್ಲಿ ಎರಡು ಸಲ ಜಗ್ಗಿದ. ದುರ್ಗಪ್ಪ ಗೇರು ಬದಲಿಸಿ ಇನ್ನೂ ಜೋರು ಬಿಟ್ಟ. ಊರು ದಾಟಿದ ಮೇಲೆ, ಇಡೀ ಬಸ್ಸು ಹೋ ಎಂದು ಕೂಗಿದಾಗಲೇ ಗಾಡಿ ನಿಂತದ್ದು.

"ಯಾವ ಶಾಣ್ಯಾ ಗಂಟಿ ಬಾರಿಸಿದಾಂವ?" ಎಂದು ದುರ್ಗಪ್ಪ ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ಸೀತಿ ಸೋಮಪ್ಪನ ಅಂಗಿ ಬಿಗಿಯಾಗಿ ಹಿಡಿದುಕೊಂಡಳು.

"ನಾನ ರೀ" ಎಂದ ಸೋಮಪ್ಪ. "ಹುಡುಗೂರಿಗೇನೂ ಅನಬ್ಯಾಡ್ರಿ."

ಬಸ್ಸು ಅಲ್ಲೇ ಕಾಯುತ್ತ ನಿಂತಿತು. ಈಗ ಮಕ್ಕಳು ಪಿಟ್ಟೆನ್ನಲಿಲ್ಲ. ಸೀತಿಯ ತುಟಿ ನಡುಗುತ್ತಿತ್ತು, ಅಳು ಮಾತ್ರ ಹೊರಗೆ ಬರಲೊಲ್ಲದು. ಸೋಮಪ್ಪ ತನ್ನ ಗಂಟು ಬಿಚ್ಚಿದ. ಬೆಲ್ಲದ ಚೂರು ಕೊಟ್ಟ, ಒಲ್ಲೆ ಎಂದಳು. ಮಂಗನ ಹಾಗೆ ಹಲ್ಲು ಕಿರಿದ, ನಗಲಿಲ್ಲ. "ನನ್ನ ಮೀಸಿ ಜಗ್ಗೋ ಬೀರಪ್ಪಾ" ಎಂದು ಮುಖ ಒಡ್ಡಿದ. ಹುಡುಗ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ನಮ್ಮವ್ವ ಬರತಾಳೋ ಇಲ್ಲೋ ರೀ?"

"ಬರತಾಳಪಾ, ಬರದ ಎಲ್ಲಿ ಹೋಗತಾಳ" ಎಂದು ಸೋಮಪ್ಪ ತಾನೂ ಕಿಟಕಿಯಿಂದ ಕತ್ತು ಚಾಚಿ ರಸ್ತೆ ನೋಡತೊಡಗಿದ.

ಅಷ್ಟರಲ್ಲಿ ಬಾಡಿಗೆ ಸೈಕಲ್ಲು ತುಳಿಯುತ್ತ ಕಂಡಕ್ಟರ್ ಬಂದ. ಹಿಂದಿನ ಕ್ಯಾರಿಯರಿನ ಮೇಲೆ ತಾಯವ್ವ, ತಂಬಿಗೆ ಎದೆಗವಚಿಕೊಂಡು, ಡ್ರೈವರನ ಏಳು ತಲೆಮಾರನ್ನು ಬಯ್ಯುತ್ತ ಕೂತಿದ್ದಳು.

ಅವ್ವನನ್ನು ಕಂಡದ್ದೇ ತಡ, ಎರಡೂ ಮಕ್ಕಳು ಬಸ್ಸಿನ ತಗಡು ಹಾರಿಹೋಗುವಂತೆ ಬೋರ್ಯಾಡಿ ಅತ್ತವು. ತಾಯವ್ವ ನಾಚಿ, "ಸುಮ್ಮಿರ್ರೋ, ಅಣ್ಣಾರಿಗೆ ತ್ರಾಸ ಆಕ್ಕೈತಿ" ಎಂದು ಅವರ ಬಾಯಿ ಮುಚ್ಚಹೋದಳು.

ಸೋಮಪ್ಪ ಬೇಡ ಬೇಡವೆಂದು ಕೈಯಾಡಿಸಿ ಕಣ್ಣೊರೆಸಿಕೊಂಡ.

"ಅಳಲಿ ಬಿಡ ತಂಗೀ. ಇಷ್ಟೊತ್ತು ಅವು ಸುಮ್ಮ ಕುಂತಿದ್ದನ್ನ ನನಗ ತಡಕೊಳ್ಳಾಕ ಆಗಲಿಲ್ಲ."