ಕುರ್ಚಿಯ ಕಡೆಗೆ

"ಒಲೆ ಮೇಲೆ ಬೇಡಮ್ಮ, ಹಬೆಗೆ ಟಿವಿ ಹಾಳಾಗುತ್ತೆ. ಸಿಂಕ್ ಹತ್ರಾನೂ ಬೇಡ, ನೀರು ಸಿಡಿಯುತ್ತೆ," ಎಂದ ಮೆಕ್ಯಾನಿಕ್, ಗೋಡೆಯೊಳಗೆ ನೀರಿನ ಪೈಪು ಎಲ್ಲೆಲ್ಲಿ ಹೋಗಿದೆಯೆಂದು ಕೇಳಿಕೊಂಡು, ಬಾಗಿಲ ಪಕ್ಕ ನಾಲ್ಕು ತೂತು ಕೊರೆದ. ಸ್ಟ್ಯಾಂಡು ಬಿಗಿದು, ಎರಡೂ ಕೈಯಿಂದ ಜಗ್ಗಿ ನೋಡಿ, ಟಿವಿ ಕೂರಿಸಿದ. "ಇದು ತಿರುಗುತ್ತಮ್ಮ. ಅಡುಗೆ ಮಾಡ್ತಾ ನೋಡೋಕೆ ಒಲೆ ಕಡೆ ತಿರುಗಿಸ್ಲಾ?"

"ಬೇಡಪ್ಪ, ಆ ಕುರ್ಚಿ ಕಡೆ ತಿರುಗಿಸು," ಎಂದಳು ಮನೆಯಾಕೆ. ಕಿಟಕಿಯ ಕೆಳಗಿನ ಆ ಕುರ್ಚಿಗೆ ಬೆಳಿಗ್ಗೆಯೇ ಹೊಸ ದಿಂಬು ಹಾಕಿದ್ದಳು. ಮದುವೆಯಾದ ಹೊಸತರಲ್ಲಿ ಗಂಡ ಅಲ್ಲಿ ಕೂತು ಬಟಾಣಿ ಸುಲಿಯುತ್ತಾ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಪಾತ್ರೆಗೆ ಬಿದ್ದದ್ದಕ್ಕಿಂತ ಅವನ ಬಾಯಿಗೆ ಬಿದ್ದದ್ದೇ ಹೆಚ್ಚು. ನಡುಮನೆಗೆ ಟಿವಿ ಬಂದ ಮೇಲೆ ಅವನು ಅಡುಗೆಮನೆಗೆ ಬರುವುದು ನೀರು ಕುಡಿಯುವುದಕ್ಕೆ ಮಾತ್ರ.

ಟಿವಿಯಲ್ಲಿ ಯಾರೋ ಹವಾಮಾನ ವರದಿ ಓದತೊಡಗಿದರು. ಅವಳು ದಿಂಬನ್ನು ಇನ್ನೊಮ್ಮೆ ತಟ್ಟಿ ಸರಿಮಾಡಿ, "ರೀ, ಬಂದು ನೋಡ್ರೀ!" ಎಂದು ಕೂಗಿದಳು. ನಡುಮನೆಯಿಂದ ಗಂಡನ ದನಿ ಖುಷಿಯಾಗಿಯೇ ಬಂತು: "ಆಯ್ತಾ? ಒಳ್ಳೇದಾಯ್ತು ಬಿಡು. ಇನ್ಮೇಲೆ ನಿಂದು ನಿಂಗೆ, ನಂದು ನಂಗೆ."

ಮೆಕ್ಯಾನಿಕ್ ತಲೆ ತಗ್ಗಿಸಿಕೊಂಡು ಸಾಮಾನುಗಳನ್ನು ಚೀಲಕ್ಕೆ ತುಂಬಿದ. ಆಮೇಲೆ ಮೆಲ್ಲಗೆ, "ಒಲೆ ಕಡೆಗೇ ತಿರುಗಿಸಿಬಿಡ್ಲೇನಮ್ಮ?" ಎಂದು ಕೇಳಿದ. ಅವಳು ಒಲೆ ಹಚ್ಚಿ, ಕುರ್ಚಿಗೆ ಬೆನ್ನು ಮಾಡಿ ನಿಂತಳು.

"ಬೇಡಪ್ಪ, ಅಲ್ಲೇ ಇರ್ಲಿ. ದನಿ ಮಾತ್ರ ಸ್ವಲ್ಪ ಜೋರು ಮಾಡು. ಹಿಂದೆ ಯಾರೋ ಕೂತು ಮಾತಾಡ್ತಿದ್ದ ಹಾಗಿರುತ್ತೆ."