ದಪ್ಪ ತಂತಿಯ ಜೀರುಂಡೆ

ಬಂತು, ಮತ್ತೆ ಅದೇ ಜುಯ್ಯ್! ಪಂಪ್ ಮೆಕ್ಯಾನಿಕ್ ತಂತಿಯಿಂದ ಬೆರಳು ಕಿತ್ತು, ಬೇಸ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಉಸಿರು ಬಿಗಿಹಿಡಿದು ಕೂತ. ಬೇರೆ ಯಾವ ಸ್ವರಕ್ಕೂ ಈ ಕಾಟವಿರಲಿಲ್ಲ. ಎಲ್ಲಕ್ಕಿಂತ ದಪ್ಪ ತಂತಿಯ ಮೂರನೇ ಫ್ರೆಟ್, ಅಂದರೆ ಕತ್ತಿನ ಮೇಲಿನ ಮೂರನೇ ಮನೆ, ಒತ್ತಿ ಮೀಟಿದರೆ ಮಾತ್ರ, ಸ್ವರದ ಬೆನ್ನಿಗೇ ಒಂದು ಜೀರುಂಡೆ. ಹದಿನೈದು ದಿನದಿಂದ ಇದೇ ಗೋಳು.

ಜೀರುಂಡೆ ಅನ್ನುವ ಮಾತು ಅವನದಲ್ಲ, ತೀರಿಕೊಂಡ ಅಪ್ಪನದು. ಅಪ್ಪನೂ ಪಂಪ್ ಮೆಕ್ಯಾನಿಕ್ಕೇ. ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ, ‘ಬೇರಿಂಗ್ ಹೋಗಿದೆ’ ಅಂದನೆಂದರೆ ಮುಗಿಯಿತು, ಬಿಚ್ಚಿ ನೋಡುವ ಮಾತೇ ಇಲ್ಲ. ಅಂಥವನು ಐವತ್ತಕ್ಕೆ ‘ಕಿವಿಯೊಳಗೆ ಜೀರುಂಡೆ ಕೂತಿದೆ ಕಣೋ’ ಅಂದ. ಐವತ್ತೆರಡಕ್ಕೆ ಪೂರ್ತಿ ಕಿವುಡ. ಆಮೇಲೂ ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಸುಮ್ಮನೆ ತಲೆಯಾಡಿಸುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಮಗನಿಗೆ ಈಗ ನಲವತ್ತೊಂಬತ್ತು. ಹೊಟ್ಟೆಪಾಡೂ ಅದೇ ಕಿವಿಯಿಂದ, ಸಂಜೆಯ ಈ ಹುಚ್ಚೂ ಅದೇ ಕಿವಿಯಿಂದ. ನರ್ಸ್ ಆಗಿರುವ ಹೆಂಡತಿಯ ಹತ್ತಿರವೂ ಅವನು ಬಾಯಿ ಬಿಟ್ಟಿರಲಿಲ್ಲ. ಆ ಧಂಧಂ ಅವಳಿಗೆ ತಲೆನೋವು, ಹಾಗಾಗಿ ಅವಳು ಡ್ಯೂಟಿಯಲ್ಲಿರುವಾಗಲೇ ಅವನ ಅಭ್ಯಾಸ.

ಬೇಸ್ ನುಡಿಸುವವರದೇ ಒಂದು ಗುಂಪು ಫೋನಿನಲ್ಲಿತ್ತು. ಪಾಪ, ತಪ್ಪನ್ನು ಗಿಟಾರಿನ ತಲೆಗೆ ಕಟ್ಟಿ, ‘ನನ್ನ ಗಿಟಾರ್ ಜುಯ್ಗುಡ್ತಿದೆ, ಸ್ವಲ್ಪ ಕೇಳಿ’ ಎಂದು ಬರೆದ. ಗಿಟಾರಿನಿಂದ ಕಂಪ್ಯೂಟರಿಗೆ ನೇರ ವೈರೆಳೆದು, ರೆಕಾರ್ಡ್ ಮಾಡಿ ಕಳಿಸಿದ. ತಾನೂ ಅದನ್ನು, ದಿನಾ ನುಡಿಸುವ ತನ್ನ ದೊಡ್ಡ ಸ್ಪೀಕರಿನಲ್ಲೇ ಹಾಕಿ ಕೇಳಿದ. ಜೀರುಂಡೆ ಅಲ್ಲೇ ಇತ್ತು.

“ಚೊಕ್ಕವಾಗಿದೆಯಲ್ಲಪ್ಪಾ! ಜುಯ್ಯೂ ಇಲ್ಲ, ಗುಯ್ಯೂ ಇಲ್ಲ,” ಎಂದ ಗುಂಪಿನಲ್ಲಿದ್ದ ಬೇಕರಿಯವನು.

“ನಾನು ಎರಡು ಸಲ ಕೇಳ್ದೆ, ಏನೂ ಇಲ್ಲ. ಕಿವಿ ಒಂದ್ಸಲ ತೋರಿಸ್ಬಿಡಿ ಸಾರ್,” ಎಂದು ಲೈಬ್ರರಿ ಮೇಡಂ ತಮಾಷೆ ಮಾಡಿದರು.

ಅವರಿಗೆ ಕೇಳಿಸದ್ದು ತನಗೊಬ್ಬನಿಗೇ ಕೇಳಿಸುತ್ತಿದೆ ಅಂದಮೇಲೆ ಇನ್ನೇನು ಉಳಿಯಿತು? ಫೋನು ಮಗುಚಿಟ್ಟು, ಟೂಲ್ ಬ್ಯಾಗನ್ನೇ ನೋಡುತ್ತ ಕೂತ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗುಂಪಿನ ಹಿರಿಯ, ನಲವತ್ತು ವರ್ಷ ಬ್ಯಾಂಡಿನಲ್ಲಿ ನುಡಿಸಿದವನು. ಎಲ್ಲರಿಗೂ ಅವನು ಅಜ್ಜ.

“ಏನಯ್ಯಾ, ಕಿವಿ ಅಂದ ತಕ್ಷಣ ಮಾಯ ಆಗ್ಬಿಟ್ಟೆ?”

“ತೊಂದರೆ ಗಿಟಾರಿಂದಲ್ಲ ಅಜ್ಜಾ, ನನ್ನ ಕಿವೀದೇ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು.”

“ಅಳೋದು ಆಮೇಲೆ. ಹೇಗೆ ರೆಕಾರ್ಡ್ ಮಾಡ್ದೆ ಹೇಳು.”

“ವೈರ್ ಹಾಕಿ, ನೇರವಾಗಿ.”

“ಅಯ್ಯೋ ಮಂಕೇ! ವೈರಿಗೆ ಗಿಟಾರ್ ಮಾತ್ರ ಕೇಳ್ಸುತ್ತೆ, ನಿನ್ನ ರೂಮ್ ಕೇಳ್ಸುತ್ತಾ? ಅಲ್ಲೇ ಏನೋ ಅದುರ್ತಿದೆ ಕಣಯ್ಯಾ. ಈ ಫೋನನ್ನ ಮೇಜಿನ ಮೇಲಿಟ್ಟು ನುಡಿಸು.”

ಅವನು ಮೂರನೇ ಫ್ರೆಟ್ ಒತ್ತಿ ಮೀಟಿದ.

“ಥೂ! ಎಂಥ ದರಿದ್ರ ಸದ್ದಯ್ಯಾ ಅದು! ತಗಡಿನ ಮೇಲೆ ಉಗುರಲ್ಲಿ ಕೆರೆದ ಹಾಗೆ!”

“ನಿಜವಾಗ್ಲೂ ಕೇಳಿಸ್ತಾ ಅಜ್ಜಾ?”

“ಇನ್ನೊಂದು ಸಲ ನುಡಿಸಿದ್ರೆ ಫೋನ್ ಇಟ್ಬಿಡ್ತೀನಿ ನೋಡು!”

ಅವನು ಇನ್ನೂ ಮೂರು ಸಲ ನುಡಿಸಿದ. ಹದಿನೈದು ದಿನದ ಭಾರ ಒಂದೇ ಏಟಿಗೆ ಇಳಿದು, ನಗುವೋ ಅಳುವೋ ತಿಳಿಯದೆ ಮೂಗೊರೆಸಿಕೊಂಡ.

ಹೆಂಡತಿ ಡ್ಯೂಟಿ ಮುಗಿಸಿ ಒಳಗೆ ಕಾಲಿಡುವುದೇ ತಡ, ಅವಳನ್ನು ಕೂರಿಸಿ ಗಿಟಾರನ್ನು ಮಡಿಲಿಗೆ ಹಾಕಿ, “ಇಲ್ಲಿ ಒತ್ತು, ಇಲ್ಲಿ ಎಳೀ, ನಿಲ್ಲಿಸ್ಬೇಡ” ಎಂದ. “ಚಪ್ಪಲಿನಾದ್ರೂ ಬಿಡ್ತೀನಿ ಇರಿ,” ಎಂದು ಗೊಣಗುತ್ತಲೇ ಅವಳು ಎಳೆದಳು. ಅವನು ಅಪ್ಪನ ಹಾಗೆಯೇ ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿ ಕಿಟಕಿ, ಗಡಿಯಾರ, ಬಾಗಿಲು ಎಲ್ಲಕ್ಕೂ ತುದಿ ತಾಗಿಸುತ್ತ ಬಂದ. ಬೀರುವಿನ ಹತ್ತಿರ ಜೀರುಂಡೆ ಜೋರಾಯಿತು. ಸ್ಟೂಲು ಹತ್ತಿ ನೋಡಿದರೆ, ಬೀರುವಿನ ನೆತ್ತಿಯಲ್ಲಿ ಅಂಗೈಯಗಲದ ಒಂದು ತಗಡಿನ ಡಬ್ಬಿ ಅದುರುತ್ತಿತ್ತು. ಬೆರಳಿಟ್ಟ, ಸದ್ದು ಗಪ್‌ಚಿಪ್.

“ಹದಿನೈದು ದಿನದ ಹಿಂದೆ ಡ್ರಾಯರ್ ಕ್ಲೀನ್ ಮಾಡ್ವಾಗ ನಾನೇ ಮೇಲಿಟ್ಟಿದ್ದು,” ಎಂದಳು ಅವಳು.

ಮುಚ್ಚಳ ತೆಗೆದ. ಒಳಗೆ ಅಪ್ಪನ ಶ್ರವಣಯಂತ್ರ. ಒಂದೇ ವಾರ ಹಾಕಿಕೊಂಡು, ‘ಇದರಲ್ಲೂ ಬರೀ ಜೀರುಂಡೇನೇ’ ಎಂದು ಕಿತ್ತಿಟ್ಟಿದ್ದು. ಸ್ಟೂಲಿನ ಮೇಲೆ ನಿಂತೇ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಬಾಯಿಗೆ ಬಂದಂತೆ ಬೈದು, ಕಣ್ಣೊರೆಸಿಕೊಂಡಳು.

“ಇಲ್ಲಿ ಕೊಡಿ, ಬಟ್ಟೆ ಸುತ್ತಿ ಒಳಗಿಡ್ತೀನಿ.”

“ಬೇಡ.” ಅವನು ಡಬ್ಬಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟ. “ಮುಂದೆ ಒಂದಿನ ನಾನು, ಸದ್ಯ, ಆ ಜೀರುಂಡೆ ನಿಂತೇಹೋಯ್ತು ಅಂತ ಖುಷಿಪಟ್ರೆ, ನಾನು ನುಡಿಸ್ತಿರುವಾಗ ನೀನು ಬಂದು ಇದನ್ನ ಮುಟ್ಟಿ ನೋಡು. ಇನ್ನೂ ಅದುರ್ತಾ ಇದ್ರೆ ನನಗೆ ಹೇಳು.”

ಕೆಳಗಿಳಿದು ಗಿಟಾರ್ ತೆಗೆದುಕೊಳ್ಳುತ್ತ ಸೇರಿಸಿದ:

“ಸ್ವಲ್ಪ ಜೋರಾಗಿ ಹೇಳು.”